ಹಿರಿಯರನ್ನು ಏನೆಂದು ಕರೆಯೋಣ?

ಸ್ಮರಣ ಸಂಚಿಕೆಯೊಂದು ಬರಿಯ ಹೊಗಳಿಕೆಯ ಪುಸ್ತಕವಾಗಿಬಿಡುವುದು ಬಹು ಸುಲಭ. ಹಳೆಯ ವಿದ್ಯಾರ್ಥಿನಿಯರ ಮನಸ್ಸಿನಲ್ಲಿ ತುಂಬಿರುವ ಕೃತಜ್ಞತೆಯು ಲೇಖನಿಯ ತುದಿಗೆ ಬಂದೊಡನೆ ಬಿರುದುಗಳ ರೂಪವನ್ನು ತಾಳುತ್ತದೆ. ಈ ಸಂಚಿಕೆಗಾಗಿ ನಮಗೆ ತಲಪಿದ ಬರಹಗಳಲ್ಲಿ ನಿವೃತ್ತರಾದ ಉಪಾಧ್ಯಾಯಿನಿಯೊಬ್ಬರು 'ಶಿಕ್ಷಣ ಭೀಷ್ಮೆ'ಯಾಗಿದ್ದಾರೆ. ಮತ್ತೊಬ್ಬರು 'ವಿದ್ಯಾ ಪಿತಾಮಹಿ'ಯಾಗಿದ್ದಾರೆ. ಪ್ರಾರ್ಥನಾ ಮಂದಿರದ ಗೋಡೆಯ ಮೇಲೆ ಹಿರಿಯರ ಹೆಸರುಗಳನ್ನು ಕೆತ್ತಿಸುವ ಫಲಕವೊಂದನ್ನು ನಿಲ್ಲಿಸಬೇಕೆಂತಲೂ, ಒಂದೊಂದು ಹೆಸರಿನ ಕೆಳಗೆ ಅದಕ್ಕೆ ತಕ್ಕ ಬಿರುದನ್ನು ಬರೆಯಿಸಬೇಕೆಂತಲೂ ಸೂಚನೆ ಬಂದಿದೆ. ಫಲಕದ ವಿಷಯದಲ್ಲಿ ನನ್ನ ಪೂರ್ಣ ಸಮ್ಮತಿಯುಂಟು. ಬಿರುದಿನ ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿರುವುದರಿಂದ ಅದನ್ನು ಪೂರ್ವ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ.

ಹಿರಿಯರನ್ನು ಕರೆಯುವ ಮಾತೆಂದರೆ ಅದೇನು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ದೊಡ್ಡ ವಿಷಯವೇ ಸರಿ. ಒಂದು ಜನಾಂಗವು ಯಾರಿಗೆ ಯಾವ ಮಾತಿನಿಂದ ಮಣಿಯುತ್ತದೆಂಬುದನ್ನು ನೋಡಿದರೆ ಅದು ಯಾವುದನ್ನು ದೊಡ್ಡದೆಂದು ಎಣಿಸುತ್ತದೆಂಬುದು ತಿಳಿದುಹೋಗುತ್ತದೆ. ಆದುದರಿಂದ ಹೊಸ ಬಿರುದುಗಳನ್ನು ಹೊಸೆಯುವುದಕ್ಕೆ ಮುಂಚೆ ಇರುವ ಮಾತುಗಳ ಒಳಗೇನಿದೆಯೆಂದು ಸ್ವಲ್ಪ ಯೋಚಿಸಿ ನೋಡೋಣ.

ಮೊದಲು ಪಶ್ಚಿಮದಿಂದ ಬಂದ ಮಾತುಗಳು. ಕಾಲೇಜುಗಳಲ್ಲಿಯೂ ದೊಡ್ಡ ದೇವಾಲಯಗಳಲ್ಲಿಯೂ 'ಡೀನ್' ಎಂಬ ಅಧಿಕಾರಿಯುಂಟಷ್ಟೆ. ಇದರ ಮೂಲ ಲ್ಯಾಟಿನಿನ 'ಡೆಕಾನುಸ್'. ಅಂದರೆ ಹತ್ತು ಮಂದಿಯ ಮೇಲ್ವಿಚಾರಕ. ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿ ಮೋಶೆಯ ಮಾವನಾದ ಇತ್ರೋವನು ಅಳಿಯನು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯವಿಚಾರಣೆ ಮಾಡುತ್ತ ಬಳಲುವುದನ್ನು ಕಂಡು, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಯೋಗ್ಯನನ್ನು ನೇಮಿಸೆಂದು ಬುದ್ಧಿ ಹೇಳಿದ ಸಂಗತಿಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಲ್ಯಾಟಿನ್ ಬೈಬಲಿನಲ್ಲಿ ಆ ಹತ್ತು ಮಂದಿಯ ಅಧಿಪತಿಗೆ ಇದೇ ಹೆಸರು. ಮುಂದೆ ಬೆನೆಡಿಕ್ಟನ ಮಠಗಳಲ್ಲಿ ಹತ್ತು ಸನ್ಯಾಸಿಗಳನ್ನು ನೋಡಿಕೊಳ್ಳುವವನು ಡೆಕಾನುಸ್ ಎನಿಸಿಕೊಂಡನು. ಇದೇ ಮಾತು ಫ್ರೆಂಚ್ ಬಾಯಲ್ಲಿ 'ಡ್ವಾಯೆನ್' ಎಂದಾಗಿ, ಒಂದು ವೃತ್ತಿಯಲ್ಲಿ ಎಲ್ಲರಿಗಿಂತ ಹಿರಿಯನೆಂಬ ಅರ್ಥವನ್ನು ಪಡೆಯಿತು. ರಾಜಧಾನಿಗಳಲ್ಲಿ ವಾಸಮಾಡುವ ಪರದೇಶದ ರಾಯಭಾರಿಗಳಲ್ಲಿ ಯಾರು ಎಲ್ಲರಿಗಿಂತ ಮೊದಲು ಬಂದವರೋ ಅವರೇ ಸಾಮಾನ್ಯವಾಗಿ ಡ್ವಾಯೆನ್. ದೊಡ್ಡ ರಾಜ್ಯದವನು ಮುಂದೆ ಕುಳಿತುಕೊಳ್ಳಬೇಕೋ ಚಿಕ್ಕ ರಾಜ್ಯದವನೋ ಎಂಬ ಜಗಳಗಳು ಬೆಳೆದು, ೧೮೧೫ರಲ್ಲಿ ವಿಯೆನ್ನಾ ನಗರದಲ್ಲಿ ಸೇರಿದ ರಾಷ್ಟ್ರಗಳು, ಒಂದೇ ದರ್ಜೆಯ ರಾಯಭಾರಿಗಳಲ್ಲಿ ಬಂದ ದಿನಾಂಕವನ್ನು ನೋಡಿ ಸ್ಥಾನವನ್ನು ಗೊತ್ತುಮಾಡಬೇಕೆಂದು ವಿಧಿಸಿದವು. ಹತ್ತು ಮಂದಿಯ ಹೊರೆಯನ್ನು ಹೊತ್ತವನ ಹೆಸರು ಕಡೆಗೆ ಬಹುದಿನ ಇದ್ದವನ ಹೆಸರಾಯಿತು. ಹೊರೆಯಿಂದ ಕಾಲಕ್ಕೆ ಜಾರಿದ ಈ ಜಾರಿಕೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಬಿರುದುಗಳೆಲ್ಲಕ್ಕೂ ಬರುವ ರೋಗ ಇದೇ.

ಇನ್ನೊಂದು ಜೋಡಿಯನ್ನು ನೋಡಿರಿ. 'ಮಾಸ್ಟರ್', 'ಮಿಸ್ಟ್ರೆಸ್' ಎಂಬವುಗಳೂ ನಮ್ಮ ಹಳ್ಳಿಯ 'ಮೇಷ್ಟ್ರು', 'ಮಾಸ್ತರರು' ಎಂಬವುಗಳೂ ಲ್ಯಾಟಿನಿನ 'ಮಾಗಿಸ್ಟರ್' ಎಂಬ ಒಂದೇ ಬೇರಿನಿಂದ ಹುಟ್ಟಿದವು. ಹೆಚ್ಚಿನವನೆಂದು ಅದರ ಅರ್ಥ. ಅದರ ಎದುರಿಗೆ ಅದೇ ಅಚ್ಚಿನಲ್ಲಿ ಎರಕವಾದ ಮತ್ತೊಂದು ಮಾತು 'ಮಿನಿಸ್ಟರ್'. ಕಡಿಮೆಯವನು, ಸೇವಕನು ಎಂದು ಅದರ ಅರ್ಥ. ಇಂದು ಹೆಚ್ಚಿನವನು ಹಳ್ಳಿಯ ಶಾಲೆಯಲ್ಲಿ ಸುಣ್ಣದಕಡ್ಡಿಯನ್ನು ಹಿಡಿದು ನಿಂತಿದ್ದಾನೆ. ಕಡಿಮೆಯವನು ರಾಜಧಾನಿಯಲ್ಲಿ ಮಂತ್ರಿಯಾಗಿ ಕುಳಿತಿದ್ದಾನೆ. ಮಾತುಗಳ ಈ ಏರಿಳಿತವನ್ನು ಕಂಡು ನಗುವುದಕ್ಕಿಂತ ಒಂದು ಪಾಠವನ್ನು ಕಲಿಯಬಹುದು. ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕೆಂದು ನಮ್ಮ ಕರ್ತನು ಶಿಷ್ಯರಿಗೆ ಉಪದೇಶಿಸಿದುದು ಲೋಕದ ನುಡಿಗಟ್ಟಿನಲ್ಲಿ ಯಾರೂ ಎಣಿಸದ ರೀತಿಯಲ್ಲಿ ನೆರವೇರಿಬಿಟ್ಟಿದೆ. ಸೇವಕನೆಂಬ ಹೆಸರು ಮಾತ್ರ ಮೇಲಕ್ಕೆ ಹೋಗಿ, ಸೇವೆಯು ಅದರೊಡನೆ ಹೋಯಿತೋ ಇಲ್ಲವೋ ಎಂಬುದನ್ನು ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಪದವಿಯಲ್ಲಿ ವಿಚಾರಿಸಿಕೊಳ್ಳಬೇಕು.

ಈಗ ನಮ್ಮ ಮನೆಯ ಮಾತುಗಳಿಗೆ ಬರೋಣ. 'ಧುರೀಣ' ಎಂಬ ಮಾತನ್ನು ಸಭಾ ವರದಿಗಳಲ್ಲಿ ಧಾರಾಳವಾಗಿ ಉಪಯೋಗಿಸುತ್ತಾರೆ. 'ಧುರ' ಎಂದರೆ ನೊಗ. ನೊಗವನ್ನು ಹೊರಲು ಶಕ್ತವಾದದ್ದು ಧುರೀಣ. ಗಾಡಿಯ ಭಾರವನ್ನು ಕತ್ತಿನ ಮೇಲೆ ಹೊತ್ತು ಎಳೆಯುವ ಎತ್ತಿನ ಹೆಸರನ್ನು ನಮ್ಮ ಹಿಂದಿನವರು ಮುಂದಾಳುಗಳಿಗೆ ಕೊಟ್ಟರು. ಇದಕ್ಕಿಂತ ಮೇಲಾದ ಗೌರವವೂ ಇದಕ್ಕಿಂತ ತಕ್ಕ ಎಚ್ಚರಿಕೆಯೂ ಉಂಟೆ? 'ಮುತ್ಸದ್ದಿ' ಎಂಬುದು ಅರಬ್ಬಿಯಿಂದ ಹೊರಟು, ಕಚೇರಿಯ ಬರಹಗಾರನನ್ನೂ ಲೆಕ್ಕಿಗನನ್ನೂ ಸೂಚಿಸುತ್ತ ನಮ್ಮ ನಾಡಿಗೆ ಬಂದು, ಈಗ ರಾಜ್ಯನೀತಿಯಲ್ಲಿ ಪಳಗಿದ ವೃದ್ಧರಿಗೆ ಸಲ್ಲುತ್ತಿದೆ. 'ಕುಲಪತಿ'ಯೆಂದರೆ ಹತ್ತು ಸಾವಿರ ಶಿಷ್ಯರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟು ಸಲಹುವ ಋಷಿಯೆಂದು ಪ್ರಾಚೀನರು ಹೇಳುತ್ತಾರೆ. ಅನ್ನವನ್ನು ಮೊದಲು ಹೇಳಿ ವಿದ್ಯೆಯನ್ನು ಅನಂತರ ಹೇಳುವುದರಲ್ಲಿ ವಿವೇಕವಿದೆ. 'ಪ್ರಾಂಶುಪಾಲ' ಎಂಬುದು ಇಂಗ್ಲಿಷಿನ ಪ್ರಿನ್ಸಿಪಾಲನ ದನಿಯನ್ನು ಅನುಸರಿಸಿ ನಿಂತಿರುವ ಮಾತು. ಸಂಸ್ಕೃತದಲ್ಲಿ 'ಪ್ರಾಂಶು' ಎಂದರೆ ಎತ್ತರವಾದವನು. ಗಿಡ್ಡಗಿರುವ ನಮ್ಮಂಥವರಿಗೆ ಇದು ಅಷ್ಟಾಗಿ ಒಪ್ಪುವುದಿಲ್ಲವೆಂದು ವಿದ್ಯಾರ್ಥಿನಿಯರು ನಕ್ಕರೆ ಆಕ್ಷೇಪಣೆಯಿಲ್ಲ. ಕೆಲಸ ಮುಗಿಸಿ ಹೊರಟವರಿಗೆ 'ವಿಶ್ರಾಂತ' ಎಂದು ಕನ್ನಡಿಗರು ಹೇಳುವುದು ನನಗೆ ಬಹಳ ಪ್ರಿಯವಾಗಿದೆ. ಪಾಶ್ಚಾತ್ಯರ 'ಎಮೆರಿಟಸ್' ಎಂಬುದು ದಂಡಿನಲ್ಲಿ ತನ್ನ ಅವಧಿಯನ್ನು ಪೂರೈಸಿ ಬಿಡುಗಡೆ ಹೊಂದಿದ ರೋಮನ್ ಸಿಪಾಯಿಯ ಹೆಸರಾಗಿತ್ತು. ನಮ್ಮ ಮಾತಿನಲ್ಲಿ ದಂಡೂ ಇಲ್ಲ, ಸಂಬಳವೂ ಇಲ್ಲ. ದಣಿದವರು ಕುಳಿತು ವಿಶ್ರಮಿಸಲಿ ಎಂಬ ಮನೆಯವರ ಕರುಣೆಯಿದೆ.

ಇವೆಲ್ಲವೂ ಕೆಲಸದಿಂದ ಹುಟ್ಟಿದ ಮಾತುಗಳು. ಬಿರುದುಗಳ ಜಾತಿಯೇ ಬೇರೆ. ಕನ್ನಡ ನಾಡಿನಲ್ಲಿ 'ಪಿತಾಮಹ' ಎಂಬ ಬಿರುದು ಬಹು ಬಳಕೆಯಲ್ಲಿದೆ. ಪುರಂದರದಾಸರು ಸಂಗೀತ ಪಿತಾಮಹರು; ಗಳಗನಾಥರು ಕಾದಂಬರಿ ಪಿತಾಮಹರು; ಕೈಲಾಸಂ ಅವರು ಪ್ರಹಸನ ಪಿತಾಮಹರು. ಇವರೆಲ್ಲರೂ ಪೂಜ್ಯರು, ಸಂದೇಹವಿಲ್ಲ. ಆದರೆ ಒಂದೇ ಅಂಗಿಯನ್ನು ಎಲ್ಲರಿಗೂ ತೊಡಿಸಿದರೆ ತೊಟ್ಟವರ ಮೈಕಟ್ಟು ಕಾಣದು. ದಾಸರ ಬಾಳಿಗೂ ಕೈಲಾಸಂ ಅವರ ನಗೆಗೂ ಇರುವ ಅಂತರವನ್ನು ಈ ಬಿರುದು ತಿಳಿಸಲಾರದು. ಒಳ್ಳೆಯ ಬಿರುದು ಹೇಗಿರಬೇಕೆಂಬುದಕ್ಕೆ ನಾನು ಒಂದು ನಿದರ್ಶನವನ್ನು ಕೊಡಬಲ್ಲೆ. ಬಿ. ಎಂ. ಶ್ರೀಕಂಠಯ್ಯನವರನ್ನು (೧೮೮೪–೧೯೪೬) 'ಕನ್ನಡದ ಕಣ್ವ'ರೆಂದು ಕರೆಯುತ್ತಾರೆ. ಕಣ್ವರು ಶಕುಂತಲೆಯ ಹೆತ್ತ ತಂದೆಯಲ್ಲ. ಕಾಡಿನಲ್ಲಿ ಸಿಕ್ಕಿದ ಕೂಸನ್ನು ಎತ್ತಿಕೊಂಡು ಸಾಕಿದವರು. ಶ್ರೀಕಂಠಯ್ಯನವರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರಾಗಿದ್ದು ಅನಾದರಕ್ಕೆ ಗುರಿಯಾಗಿದ್ದ ಕನ್ನಡವನ್ನು ಕೈಹಿಡಿದು ನಡೆಯಿಸಿದರು. ಈ ಬಿರುದು ಅವರಿಗೆ ಮಾತ್ರ ಸರಿಹೋಗುತ್ತದೆ. ಬೇರೆಯವರಿಗೆ ತೊಡಿಸಿದರೆ ಬಿಗಿಯಾದೀತು. ಅಂಥ ಬಿರುದು ಜನರ ನಾಲಿಗೆಯಿಂದ ತಾನಾಗಿ ಹುಟ್ಟಬೇಕೇ ಹೊರತು ಸಮಿತಿಯ ಠರಾವಿನಿಂದ ಹುಟ್ಟುವುದಿಲ್ಲ.

ಇನ್ನು 'ಭೀಷ್ಮ'ನೆಂಬ ಬಿರುದು. ಮುಪ್ಪು, ಅನುಭವ, ಪ್ರತಿಜ್ಞೆ ಇವು ಮೂರೂ ಭೀಷ್ಮನಲ್ಲಿ ಇದ್ದವೆಂಬುದು ನಿಜ. ಆದರೆ ತುಂಬಿದ ಸಭೆಯಲ್ಲಿ ಒಬ್ಬ ಹೆಣ್ಣುಮಗಳನ್ನು ಎಳೆತಂದು ಅವಮಾನ ಮಾಡಿ, ಆಕೆ ನ್ಯಾಯವನ್ನು ಕೇಳಿದಾಗ, ಧರ್ಮದ ಗತಿ ಸೂಕ್ಷ್ಮವಾದುದೆಂದು ಹೇಳಿ ಉತ್ತರ ಕೊಡದೆ ಕುಳಿತ ಹಿರಿಯನೂ ಅವನೇ ಅಲ್ಲವೆ? ಹೆಣ್ಣುಮಕ್ಕಳ ಶಾಲೆಯ ಗೋಡೆಯ ಮೇಲೆ ಈ ಬಿರುದನ್ನು ಬರೆಯಿಸುವುದಕ್ಕೆ ಮುಂಚೆ ಅದನ್ನು ಓದುವ ಹುಡುಗಿಯು ಮಹಾಭಾರತವನ್ನೂ ಓದಿರುವಳೆಂಬುದನ್ನು ನಾವು ಮರೆಯತಕ್ಕದ್ದಲ್ಲ. ನಮ್ಮ ಉಪಾಧ್ಯಾಯಿನಿಯರಲ್ಲಿ ಕೆಲವರು, ಹುಡುಗಿಯನ್ನು ಶಾಲೆ ಬಿಡಿಸಿ ಮದುವೆ ಮಾಡಲು ಹೊರಟ ಮನೆಗಳಿಗೆ ಸಂಜೆ ಹೊತ್ತು ನಡೆದುಹೋಗಿ, ಬಾಗಿಲಲ್ಲಿ ನಿಂತು, ಬೈಗುಳವನ್ನೂ ಕೇಳಿ, ಮತ್ತೆ ಮರುದಿನ ಹೋದವರು. ಮಾತನಾಡಬೇಕಾದಲ್ಲಿ ಮಾತನಾಡಿದ ಇಂಥವರಿಗೆ ಮೌನವಾಗಿದ್ದವನ ಹೆಸರನ್ನು ಕೊಡುವುದು ಗೌರವವೆ? ಕ್ರೀಡಾ ಶಿಕ್ಷಕರಿಗೆ ಭಾರತ ಸರಕಾರವು ೧೯೮೫ರಿಂದ ಕೊಡುತ್ತಿರುವ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರಿದೆ. ಬಿಲ್ಲುವಿದ್ಯೆಯಲ್ಲಿ ದ್ರೋಣನಿಗೆ ಎಣೆಯಿಲ್ಲ. ಆದರೆ ತಾನು ಕಲಿಸದೆ ಹೋದ ಬೇಡರ ಹುಡುಗನ ಹೆಬ್ಬೆರಳನ್ನು ದಕ್ಷಿಣೆಯಾಗಿ ಪಡೆದವನೂ ಅವನೇ. ಕೆಳಗಿನವರೆಂದು ತಳ್ಳಲ್ಪಟ್ಟವರ ಮಕ್ಕಳನ್ನು ಒಳಗೆ ಕರೆದು ಕೂರಿಸುವುದಕ್ಕಾಗಿಯೇ ಹುಟ್ಟಿದ ಮಿಶನ್ ಶಾಲೆಗಳು ಇಂಥ ಹೆಸರುಗಳನ್ನು ಆರಿಸುವಾಗ ಎರಡು ಸಾರಿ ಯೋಚಿಸಬೇಕು.

ಬಿರುದುಗಳ ವಿಷಯದಲ್ಲಿ ರಾಜ್ಯಶಾಸನವೂ ನಮ್ಮ ಪಕ್ಷದಲ್ಲಿದೆ. ಬ್ರಿಟಿಷರ ಕಾಲದ ರಾವ್ ಸಾಹೇಬ್, ರಾವ್ ಬಹದ್ದೂರ್ ಮೊದಲಾದವುಗಳ ಕಾಲ ಮುಗಿದು, ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೮ನೆಯ ವಿಧಿಯು, ಸೇನೆಯ ಮತ್ತು ವಿದ್ಯೆಯ ಪದವಿಗಳನ್ನುಳಿದು ಬೇರೆ ಬಿರುದುಗಳನ್ನು ರಾಜ್ಯವು ಕೊಡಕೂಡದೆಂದು ವಿಧಿಸಿತು. ಪದ್ಮ ಪ್ರಶಸ್ತಿಗಳನ್ನು ಸಹ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಬಿರುದಿನಂತೆ ಸೇರಿಸಿಕೊಳ್ಳಬಾರದೆಂದು ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸರಕಾರವು ಬಿಟ್ಟ ಕೆಲಸವನ್ನು ಸನ್ಮಾನ ಸಮಿತಿಗಳು ಕೈಗೆ ತೆಗೆದುಕೊಂಡಿವೆಯೆಂಬುದು ಪತ್ರಿಕೆಗಳನ್ನು ಓದುವವರಿಗೆ ತಿಳಿದ ವಿಷಯ.

ಸ್ತ್ರೀಯರ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೊಡಕಾಗಿದೆ. ಹಿರಿತನದ ಮಾತುಗಳು ಬಹುಪಾಲು ಪುರುಷರ ಅಳತೆಗೆ ಹೊಲಿದವುಗಳು. ಕುಲಪತಿ, ರಾಷ್ಟ್ರಪತಿ ಎಂಬ ಮಾತುಗಳ ಕೊನೆಯಲ್ಲಿರುವ 'ಪತಿ'ಯನ್ನು ಏನು ಮಾಡಬೇಕೆಂದು ೨೦೦೭ರಲ್ಲಿ ಪ್ರತಿಭಾ ಪಾಟೀಲರು ಆ ಪದವಿಗೆ ಬಂದಾಗ ದೇಶದಲ್ಲೆಲ್ಲ ಚರ್ಚೆ ನಡೆಯಿತು. ಕಡೆಗೆ ಮಾತು ಇದ್ದಂತೆಯೇ ಉಳಿಯಿತು. ಶಿಕ್ಷಕಿಯಾಗಿದ್ದ ದ್ರೌಪದಿ ಮುರ್ಮು ಅವರು ೨೦೨೨ರಲ್ಲಿ ಅದೇ ಹೆಸರಿನಿಂದ ಅದೇ ಪೀಠವನ್ನೇರಿದರು. ನಂಜನಗೂಡು ತಿರುಮಲಾಂಬನವರು (೧೮೮೭–೧೯೮೨) ಎಳೆಯ ವಯಸ್ಸಿನಲ್ಲಿ ವಿಧವೆಯಾಗಿ, ಮನೆಯ ನಾಲ್ಕು ಗೋಡೆಗಳ ಮಧ್ಯದಿಂದ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಹೊರಡಿಸಿ, ಕಾದಂಬರಿಗಳನ್ನು ಬರೆದು, ಪತ್ರಿಕೆಯನ್ನೂ ನಡೆಯಿಸಿದರು. ಪಿತಾಮಹರು ಇಷ್ಟು ಮಂದಿಯಿರುವ ನಾಡಿನಲ್ಲಿ ಆಕೆಗೆ ಎಲ್ಲರ ಬಾಯಲ್ಲಿ ನೆಲೆನಿಂತ ಬಿರುದು ಕೇಳಿಬರುವುದಿಲ್ಲ.

ಪ್ರಾಚೀನರಲ್ಲಿ ಇಂಥ ಮಾತುಗಳು ಇರಲೇ ಇಲ್ಲವೆಂದು ತಿಳಿಯಬಾರದು. ಸಂಸ್ಕೃತ ವ್ಯಾಕರಣವು 'ಆಚಾರ್ಯಾನೀ' ಎಂದರೆ ಆಚಾರ್ಯನ ಹೆಂಡತಿಯೆಂತಲೂ, 'ಆಚಾರ್ಯಾ' ಎಂದರೆ ತಾನೇ ಪಾಠ ಹೇಳುವವಳೆಂತಲೂ ಭೇದವನ್ನು ಮಾಡುತ್ತದೆ. ಹಾಗೆಯೇ 'ಉಪಾಧ್ಯಾಯಾನೀ'ಯು ಉಪಾಧ್ಯಾಯನ ಪತ್ನಿ. 'ಉಪಾಧ್ಯಾಯಾ' ಎಂದರೆ ಸ್ವತಃ ಕಲಿಸುವವಳು. ಅಮರಕೋಶವೂ ಈ ಭೇದವನ್ನು ಬಲ್ಲುದು. ಗಂಡನ ವಿದ್ಯೆಯಿಂದ ಬಂದ ಮರ್ಯಾದೆ ಬೇರೆ, ತನ್ನ ವಿದ್ಯೆಯಿಂದ ಬಂದ ಮರ್ಯಾದೆ ಬೇರೆ ಎಂಬುದನ್ನು ಪ್ರತ್ಯಯವನ್ನು ಬದಲಾಯಿಸಿ ತೋರಿಸಿದ ವೈಯಾಕರಣರಿಗೆ ನಾವು ಋಣಿಗಳು. ಆ ಮಾತು ಹುಟ್ಟಬೇಕಾದರೆ ಕಲಿಸುವ ಸ್ತ್ರೀಯರು ಆಗ ಇದ್ದಿರಲೇಬೇಕು. ಇಲ್ಲದ ವಸ್ತುವಿಗೆ ಯಾರೂ ಹೆಸರಿಡುವುದಿಲ್ಲ. ಮುಂದೆ ಆ ಸ್ತ್ರೀಯರು ಮರೆಯಾದಾಗ ಮಾತೂ ಕೋಶದ ಪುಟಗಳಲ್ಲಿ ಅವಿತುಕೊಂಡಿತು. ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತು ವಯಸ್ಸಿನ ಒಬ್ಬ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ' ಎಂತಲೂ 'ಸರಸ್ವತಿ' ಎಂತಲೂ ಬಿರುದಿತ್ತರು. ಆಕೆಯೇ ಪಂಡಿತಾ ರಮಾಬಾಯಿ. ತುಂಗಭದ್ರೆಯರು ಹುಟ್ಟುವ ನಮ್ಮ ಗಂಗಾಮೂಲದ ಅರಣ್ಯದಲ್ಲಿ ೧೮೫೮ರಲ್ಲಿ ಜನಿಸಿ, ಹೆಂಡತಿಗೂ ಹೆಣ್ಣುಮಕ್ಕಳಿಗೂ ಸಂಸ್ಕೃತವನ್ನು ಕಲಿಸಲು ಹಿಂದೆಗೆಯದ ತಂದೆಯ ಮನೆಯಲ್ಲಿ ಬೆಳೆದವಳು. ಆ ಬಿರುದಿನ ಮೇಲೆ ಆಕೆ ಕುಳಿತುಕೊಳ್ಳಲಿಲ್ಲ. ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು. ಕೇಡಗಾಂವಿನಲ್ಲಿ ಕ್ಷಾಮದಿಂದ ನೊಂದ ಹೆಣ್ಣುಮಕ್ಕಳಿಗೆ ಆಶ್ರಯವಿತ್ತಳು. ಬೈಬಲನ್ನು ಮರಾಠಿಗೆ ತಿರುಗಿಸಿ ೧೯೨೨ರಲ್ಲಿ ಕರ್ತನ ಬಳಿಗೆ ಹೋದಳು. ಪಂಡಿತರು ಕೊಟ್ಟ ಹೆಸರಿಗೆ ಅನಾಥೆಯರು ಅರ್ಥವನ್ನು ತುಂಬಿದರು.

ನಮ್ಮ ವೇದದಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ಸಂಗತಿಯುಂಟು. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯದಲ್ಲಿ ಫೊಯಿಬೆಯೆಂಬ ಸಹೋದರಿಯನ್ನು ಸಭೆಗೆ ಒಪ್ಪಿಸಿಕೊಡುತ್ತಾನೆ. ಆಕೆಗೆ ಅವನು ಉಪಯೋಗಿಸಿದ ಗ್ರೀಕ್ ಮಾತು 'ಡಿಯಾಕೊನೊಸ್'. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ತನ್ನನ್ನೂ ಅಪೊಲ್ಲೋಸನನ್ನೂ ಕುರಿತು ಉಪಯೋಗಿಸಿದುದೂ ಅದೇ ಮಾತು. ಆದರೆ ೧೬೧೧ರ ಇಂಗ್ಲಿಷ್ ಭಾಷಾಂತರಕಾರರು ಪುರುಷರಿಬ್ಬರ ವಿಷಯದಲ್ಲಿ ಅದನ್ನು 'ಮಿನಿಸ್ಟರ್' ಎಂದೂ ಫೊಯಿಬೆಯ ವಿಷಯದಲ್ಲಿ 'ಸರ್ವೆಂಟ್' ಎಂದೂ ತಿರುಗಿಸಿದರು. ಎರಡು ಮಾತುಗಳ ಮೂಲಾರ್ಥವೂ ಸೇವೆಯೇ ಆದರೂ, ಒಂದು ಪೀಠದ ಕಡೆಗೂ ಇನ್ನೊಂದು ಅಡಿಗೆಮನೆಯ ಕಡೆಗೂ ಹೋಯಿತು. ದ್ವೇಷದಿಂದ ಅವರು ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಹೆಂಗಸಿನ ಹೆಸರಿನ ಮುಂದೆ ದೊಡ್ಡ ಮಾತು ಬಂದರೆ ಕೈ ತಾನಾಗಿಯೇ ಚಿಕ್ಕ ಮಾತನ್ನು ಬರೆಯುವ ಅಭ್ಯಾಸ ಲೋಕದಲ್ಲಿ ಬಹಳ ಹಳೆಯದು.

ಹಾಗಾದರೆ ಭೀಷ್ಮನಿಗೆ ಭೀಷ್ಮೆ, ಪಿತಾಮಹನಿಗೆ ಪಿತಾಮಹಿ ಎಂದು ಸ್ತ್ರೀಲಿಂಗದ ಬಾಲವನ್ನು ಅಂಟಿಸಿದರೆ ನ್ಯಾಯವಾಯಿತೆಂದು ಕೆಲವರು ವಾದಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ತಂದೆಯ ಅಂಗಿಯನ್ನು ಕತ್ತರಿಸಿ ಮಗಳಿಗೆ ತೊಡಿಸಿದಂತೆ ಅದು. 'ಮಿಸ್', 'ಮೇಡಂ' ಎಂಬ ಶಾಲೆಯ ಬಳಕೆಯ ಮಾತುಗಳೂ ನಮ್ಮ ಕೊರತೆಯನ್ನು ತುಂಬಲಾರವು. ಮೂವತ್ತು ವರ್ಷಗಳ ಕಾಲ ಲೆಕ್ಕವನ್ನು ಕಲಿಸಿದ ಒಬ್ಬರನ್ನು, ಅವರಿಗೆ ಮದುವೆಯಾಗಿಲ್ಲವೆಂಬುದನ್ನು ಮಾತ್ರ ಹೇಳುವ ಮಾತಿನಿಂದ ಕರೆಯುವುದು ವಿಚಿತ್ರವಲ್ಲವೆ? ಮದುವೆಯಾದವರನ್ನೂ ಶಾಲೆಯಲ್ಲಿ ಹಾಗೆಯೇ ಕರೆಯುವುದರಿಂದ ಆ ಮಾತಿಗೆ ಈಗ ಅರ್ಥವೇ ಇಲ್ಲವಾಗಿದೆ.

ಕನ್ನಡದ ಹಿತ್ತಿಲಲ್ಲಿಯೇ ಇದಕ್ಕೆ ಮದ್ದುಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ವಯಸ್ಸಿನಲ್ಲಿ ಅನೇಕರಿಗಿಂತ ಕಿರಿಯಳಾಗಿದ್ದ ಮಹಾದೇವಿಯನ್ನು ಶರಣರು 'ಅಕ್ಕ' ಎಂದು ಕರೆದರು. ಹಿರಿತನಕ್ಕೂ ವರ್ಷಗಳ ಲೆಕ್ಕಕ್ಕೂ ಸಂಬಂಧವಿಲ್ಲವೆಂಬುದನ್ನು ಎರಡಕ್ಷರಗಳಲ್ಲಿ ಹೇಳಿದ ಮಾತದು. ಬಸವಣ್ಣನವರು 'ಅಣ್ಣ', ಬಟ್ಟೆಯೊಗೆಯುವ ಮಾಚಯ್ಯನೂ ಚರ್ಮದ ಕೆಲಸದ ಹರಳಯ್ಯನೂ 'ಅಯ್ಯ'ಂದಿರು. ಸಂಬೋಧನೆಯಲ್ಲಿಯೇ ಒಬ್ಬನ ಆಚಾರವು ತಿಳಿದುಬರುವುದೆಂಬುದನ್ನು ಆ ಶರಣರು ಚೆನ್ನಾಗಿ ಬಲ್ಲವರಾಗಿದ್ದರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಹಳ್ಳಿಯ ಮಕ್ಕಳು ಶಾಲೆಯ ಉಪಾಧ್ಯಾಯಿನಿಯನ್ನು 'ಅಕ್ಕೋರು' ಎಂದೇ ಕರೆಯುತ್ತಾರೆ. ಅಕ್ಕನ ಸಲಿಗೆಯೂ 'ಅವರು' ಎಂಬ ಮರ್ಯಾದೆಯೂ ಒಂದಾಗಿ ಬೆರೆತ ಈ ಮಾತಿಗಿಂತ ಸೊಗಸಾದ ಬಿರುದನ್ನು ಯಾವ ಸಮಿತಿಯು ಕಂಡುಹಿಡಿದೀತು?

ಅಲ್ಲಿಯೇ ನಮ್ಮ ಭಾಷೆಯ ಗುಟ್ಟೊಂದಿದೆ. ಕನ್ನಡದ ಏಕವಚನದಲ್ಲಿ 'ಅವನು', 'ಅವಳು' ಎಂದು ಗಂಡುಹೆಣ್ಣಿನ ಭೇದವುಂಟು. ಗೌರವದಿಂದ ಬಹುವಚನಕ್ಕೆ ಏರಿದೊಡನೆ 'ಅವರು' ಎಂಬ ಒಂದೇ ಮಾತು ಉಳಿಯುತ್ತದೆ. 'ಹಿರಿಯರು ಬಂದರು' ಎಂದರೆ ಬಂದವರು ಗಂಡಸೋ ಹೆಂಗಸೋ ವ್ಯಾಕರಣವು ಕೇಳುವುದಿಲ್ಲ. ಮರ್ಯಾದೆಯ ಮನೆಯಲ್ಲಿ ನಮ್ಮ ಪೂರ್ವಿಕರು ಎಲ್ಲರಿಗೂ ಒಂದೇ ಎತ್ತರದ ಮಣೆಯನ್ನು ಹಾಕಿಟ್ಟಿದ್ದಾರೆ. ಇಷ್ಟು ಸಿದ್ಧವಾದ ಸ್ಥಾನವಿರುವಾಗ ಭೀಷ್ಮೆಯರನ್ನು ಏಕೆ ಹುಡುಕಬೇಕು?

ಆದರೆ ಆ ಮಣೆಯ ಮೇಲೆ ನಾವು ಎಲ್ಲರನ್ನೂ ಕೂರಿಸಿದ್ದೇವೆಯೆ? ಇದನ್ನು ಕೇಳುವುದಕ್ಕಾಗಿಯೇ ಇಷ್ಟು ದೂರ ಬಂದೆನೆಂದರೂ ಸಲ್ಲುತ್ತದೆ. ಮುಖ್ಯೋಪಾಧ್ಯಾಯಿನಿಯು 'ಅವರು', ಉಪಾಧ್ಯಾಯಿನಿಯು 'ಅವರು', ಗುಮಾಸ್ತನೂ 'ಅವರು'. ಬಾಗಿಲಲ್ಲಿ ಕುಳಿತು ಮಳೆಯಲ್ಲಿ ನೆನೆದು ಬಂದ ಚಿಕ್ಕ ಮಕ್ಕಳ ತಲೆಯನ್ನು ಒರಸುವ ಆಯಾ ಮಾತ್ರ 'ಅವಳು'. ಅರುವತ್ತು ತುಂಬಿದ ಆಕೆಯನ್ನು ಹತ್ತು ವರ್ಷದ ಹುಡುಗಿಯು 'ಬಾ', 'ಹೋಗು', 'ತಾ' ಎನ್ನುತ್ತಾಳೆ. ಕಾರಿನಿಂದಿಳಿದ ತಂದೆತಾಯಿಗಳೂ ಹಾಗೆಯೇ ಎನ್ನುವುದನ್ನು ಹುಡುಗಿ ಕೇಳಿದ್ದಾಳೆ. ಅನೇಕ ಹಳೆಯ ಮಿಶನ್ ವರದಿಗಳಲ್ಲಿ ದೊರೆಸಾನಿಯರ ಹೆಸರುಗಳು ಪೂರ್ಣವಾಗಿಯೂ, ಮನೆಮನೆಗೆ ನಡೆದು ಸ್ತ್ರೀಯರಿಗೆ ಅಕ್ಷರವನ್ನೂ ಸುವಾರ್ತೆಯನ್ನೂ ಕಲಿಸಿದ ನಮ್ಮ ಬೈಬಲ್ ಸ್ತ್ರೀಯರ ಹೆಸರುಗಳು ಅರೆಯಾಗಿಯೂ ಇರುವುದನ್ನು ಕಂಡು ನಮಗೆ ನೋವಾಗುತ್ತದೆ. ಆ ವರದಿಗಳನ್ನು ದೂರುವ ನಾವು ನಮ್ಮ ಆಯಾಗಳ ಪೂರ್ಣ ಹೆಸರನ್ನು ಬಲ್ಲೆವೆ?

'ಆಯಾ' ಎಂಬ ಮಾತಿನ ಚರಿತ್ರೆಯನ್ನು ಕೇಳಿರಿ. ಅದು ಪೋರ್ಚುಗೀಸರ 'ಆಯಾ'. ಅವರಲ್ಲಿ ದೊಡ್ಡ ಮನೆತನದ ಮಕ್ಕಳನ್ನು ಸಾಕಿ, ನಡೆನುಡಿಗಳನ್ನು ಕಲಿಸುವ ಶಿಕ್ಷಕಿಗೆ ಆ ಹೆಸರು. ಅದರ ಹಿಂದೆ ಇನ್ನೂ ಹೋದರೆ ಲ್ಯಾಟಿನಿನ 'ಆವಿಯಾ' ಎಂಬ ಮಾತು ಸಿಕ್ಕುತ್ತದೆಂದು ನಿರುಕ್ತಕಾರರು ಹೇಳುತ್ತಾರೆ. ಆವಿಯಾ ಎಂದರೆ ಅಜ್ಜಿ. ಸಮಿತಿಯವರು ಎಲ್ಲಿಯೂ ಕಾಣದೆ ಹೊಸದಾಗಿ ಸೃಷ್ಟಿಸಲು ಹೊರಟ 'ಪಿತಾಮಹಿ'ಯು ಇಷ್ಟು ವರ್ಷಗಳಿಂದ ನಮ್ಮ ಶಾಲೆಯ ಬಾಗಿಲಲ್ಲಿಯೇ ಕುಳಿತಿದ್ದಾಳೆ. ಆಕೆಯನ್ನು ನಾವು ಏಕವಚನದಿಂದ ಕರೆದು ನೀರನ್ನು ತರಿಸಿಕೊಳ್ಳುತ್ತಿದ್ದೇವೆ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಅರಿಯದವಳಲ್ಲ. ಕನ್ನಡದಲ್ಲಿ ಏಕವಚನವು ಪ್ರೀತಿಯ ಗುರುತೂ ಹೌದು, ತಾಯಿಯನ್ನೂ ದೇವರನ್ನೂ ಏಕವಚನದಲ್ಲಿಯೇ ಕರೆಯುವುದಿಲ್ಲವೆ, ಎಂದು ಕೇಳುವರು. ನಿಜ. ಈ ಲೇಖನದಲ್ಲಿಯೇ ರಮಾಬಾಯಿಯನ್ನು ನಾನು 'ಆಕೆ'ಯೆಂದೇ ಬರೆದಿದ್ದೇನೆ. ಆದರೆ ಪ್ರೀತಿಯ ಏಕವಚನವನ್ನೂ ತಿರಸ್ಕಾರದ ಏಕವಚನವನ್ನೂ ಬೇರ್ಪಡಿಸಲು ಸುಲಭವಾದ ಒರೆಗಲ್ಲುಂಟು. ಅದೇ ಮಾತನ್ನು ಅದೇ ಬಾಯಿಯು ಅದೇ ವಯಸ್ಸಿನ ಧನಿಕಳಾದ ಹೆಂಗಸಿಗೆ ಆಡೀತೆ? ಆಡುವುದಾದರೆ ಅದು ಪ್ರೀತಿ. ಆಡಲಾರದಾದರೆ ಅದು ಸಂಬಳದ ಚೀಟಿಯನ್ನು ನೋಡಿ ಆರಿಸಿದ ವಚನ. ಎಲ್ಲರಿಗೂ ಬಹುವಚನ ಕೊಟ್ಟರೆ ಶಾಲೆಯ ಶಿಸ್ತಿನ ಮೆಟ್ಟಲುಗಳು ಕುಸಿಯುವುವೆಂದು ಇನ್ನು ಕೆಲವರು ಹೆದರುವರು. ಅಧಿಕಾರದ ಮೆಟ್ಟಲುಗಳು ಬೇಕು; ಗಂಟೆ ಬಾರಿಸಬೇಕಾದವರು ಒಬ್ಬರು, ಬಾರಿಸೆಂದು ಹೇಳಬೇಕಾದವರು ಒಬ್ಬರು. ಆಜ್ಞೆಯನ್ನು ಬಹುವಚನದಲ್ಲಿ ಕೊಟ್ಟರೆ ಗಂಟೆಯು ತಡವಾಗಿ ಬಾರಿಸುವುದಿಲ್ಲ.

ಆದುದರಿಂದ ಫಲಕದ ವಿಷಯವಾಗಿ ನನ್ನ ಸೂಚನೆಗಳು ಮೂರು. ಮೊದಲನೆಯದಾಗಿ, ಯಾರ ಹೆಸರಿನ ಕೆಳಗೂ ಬಿರುದು ಬೇಡ. ಪೂರ್ಣ ಹೆಸರು, ಸೇವೆ ಮಾಡಿದ ವರ್ಷಗಳು, ಮಾಡಿದ ಕೆಲಸ ಇಷ್ಟೇ ಇರಲಿ. 'ಏಳನೆಯ ತರಗತಿಗೆ ಲೆಕ್ಕವನ್ನು ಕಲಿಸಿದರು' ಎಂಬ ಒಂದು ಸಾಲು, ಓದುವ ಹಳೆಯ ವಿದ್ಯಾರ್ಥಿನಿಯ ಕಣ್ಣಲ್ಲಿ ನೀರನ್ನು ತಂದೀತು. 'ಶಿಕ್ಷಣ ಭೀಷ್ಮೆ' ತರಲಾರದು. ಎರಡನೆಯದಾಗಿ, ಆಯಾಗಳು, ವಿದ್ಯಾರ್ಥಿನಿಲಯದ ಅಡಿಗೆಯವರು, ಮೇಟ್ರನರು, ಕಾವಲುಗಾರರು, ತೋಟದವರು ಇವರೆಲ್ಲರ ಹೆಸ��ುಗಳೂ ಅದೇ ಫಲಕದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ, ಸೇವೆಗೆ ಸೇರಿದ ವರ್ಷದ ಅನುಕ್ರಮದಲ್ಲಿ ಬರಲಿ. ರಾಯಭಾರಿಗಳಿಗೆ ೧೮೧೫ರಿಂದ ಸಲ್ಲುತ್ತಿರುವ ನ್ಯಾಯವು ನಮ್ಮ ಅಡಿಗೆಯವರಿಗೂ ಸಲ್ಲಬಹುದು. ಇವರ ಪೂರ್ಣ ಹೆಸರುಗಳು ಹಳೆಯ ಹಾಜರಿ ಪುಸ್ತಕಗಳಲ್ಲಿ ಎಲ್ಲವೂ ದೊರೆಯುವುದಿಲ್ಲ. ಬಲ್ಲ ಪೂರ್ವ ವಿದ್ಯಾರ್ಥಿನಿಯರು ದಯವಿಟ್ಟು ಬರೆದು ತಿಳಿಸಬೇಕು. ಮೂರನೆಯದಾಗಿ, ಈ ಶಾಲೆಯ ಆವರಣದೊಳಗೆ ನಮಗಿಂತ ಹಿರಿಯರಾದ ಎಲ್ಲರಿಗೂ, ಅವರ ಕೆಲಸ ಯಾವುದೇ ಇರಲಿ, 'ಬನ್ನಿ', 'ಹೋಗಿ' ಎಂಬ ಮಾತು ನಡೆಯಲಿ. ತಂದೆತಾಯಿಗಳು ಬಾಗಿಲಲ್ಲಿಯೇ ಇದನ್ನು ಆರಂಭಿಸಿದರೆ ಮಕ್ಕಳಿಗೆ ನಾವು ಬೇರೆ ಪಾಠವನ್ನು ಹೇಳಬೇಕಾಗುವುದಿಲ್ಲ.

ಪುನರುತ್ಥಾನದ ಬೆಳಗಿನಲ್ಲಿ ಸಮಾಧಿಯ ಬಳಿ ಅಳುತ್ತ ನಿಂತಿದ್ದ ಮಗ್ದಲದ ಮರಿಯಳು ತನ್ನ ಕರ್ತನನ್ನು ತೋಟಗಾರನೆಂದು ತಿಳಿದಳು. ಆತನು ಆಕೆಯನ್ನು ಹೆಸರು ಹಿಡಿದು ಕರೆದನು. ಆಕೆಯ ಬಾಯಿಂದ 'ರಬ್ಬೂನಿ' ಎಂಬ ಮಾತು ಹೊರಟಿತು. ಗುರುವೆಂದು ಅದರ ಅರ್ಥ. ಗುರುವು ಹೆಸರನ್ನು ಹಿಡಿದು ಕರೆಯುತ್ತಾನೆ. ಶಿಷ್ಯೆಯು ಬಿರುದನ್ನು ಕೊಡುತ್ತಾಳೆ. ಕೇಳಿ ಪಡೆದ ಬಿರುದಲ್ಲ ಅದು, ಗುರುತಿಸಿದ ಕ್ಷಣದಲ್ಲಿ ತಾನಾಗಿ ಬಂದದ್ದು. ಆತನನ್ನು ತೋಟಗಾರನೆಂದು ತಿಳಿದಿದ್ದಾಗಲೂ ಮರಿಯಳು ಮರ್ಯಾದೆಯಿಂದಲೇ ಮಾತನಾಡಿದಳೆಂದು ಯೋಹಾನನು ಬರೆದಿದ್ದಾನೆ. ನಮ್ಮ ಹೆಣ್ಣುಮಕ್ಕಳು ಅಷ್ಟನ್ನು ಕಲಿತು ಈ ಶಾಲೆಯಿಂದ ಹೊರಟರೆ ಇಲ್ಲಿ ದುಡಿದ ಹಿರಿಯರಿಗೆ ಬೇರೆ ಬಿರುದು ಬೇಕಾಗಿಲ್ಲ. ದೇವರು ಅವರೆಲ್ಲರನ್ನೂ ಆಶೀರ್ವದಿಸಲಿ.